ಕಣ್ಣು ಕಟ್ಟಿ ಗುಹೆಗೆ ಬಿಟ್ಟಂತೆ

ಗುಹೆಗೆ ಧುಮುಕುವುದೆಂದು ನಾನು ತೀರ್ಮಾನಿಸಿಬಿಟ್ಟೆ. ಬರೀ ಗುಹೆಯಲ್ಲ ಸ್ವಾಮಿ, ನೀರು ತುಂಬಿದ ಗುಹೆ! ನೆಲದ ಕೆಳಗೆ, ನೀರಿನ ಒಳಗೆ, ಕಗ್ಗತ್ತಲಲ್ಲಿ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಈಜುತ್ತಾ ಹೋಗುವ ಎಂಟೆದೆಯವರು ಈ ಭೂಮಂಡಲದಲ್ಲಿ ಬೆರಳೆಣಿಕೆಯಷ್ಟು. ಇನ್ನು ಮುಂದೆ ಒಂದು ಬೆರಳು ಹೆಚ್ಚಿಗೆ ಮಡಚು ಎಂದು ಕಾಫಿ ಕುಡಿಯುತ್ತಾ ಹೆಂಡತಿಗೆ ಘೋಷಿಸಿದೆ.

"ಮೊನ್ನೆ ಲಿಫ್ಟಲ್ಲಿ ಕರೆಂಟ್ ಹೋದಾಗ ಕಿರುಚಿಕೊಂಡಿದ್ದು ಯಾರ್ರೀ?" ಎಂದಳು.

"ಅದು ಲಿಫ್ಟು. ಇದು ಪ್ರಕೃತಿ!"

ನಾನು ವಿದ್ಯುತ್ ಕಚೇರಿಯ ದೂರು ವಿಭಾಗದಲ್ಲಿ ಫೋನೆತ್ತುವವನು. ಊರಿನ ಕತ್ತಲೆಯೆಲ್ಲ ಬೆಳಗಿನಿಂದ ಸಂಜೆಯವರೆಗೆ ನನ್ನ ಕಿವಿಯೊಳಕ್ಕೇ ಬಂದು ಬೀಳುತ್ತದೆ. ಅಂಥವನ ಕಣ್ಣಿಗೆ ಒಂದು ವಿಡಿಯೊ ಬಿತ್ತು. ಗಾಜಿನಂಥ ನೀರು, ಯಾರೂ ಮುಟ್ಟದ ಕಲ್ಲಿನ ಕಂಬಗಳು. ನಡುವೆ ಒಬ್ಬ ಮನುಷ್ಯ ತೇಲುತ್ತಿದ್ದಾನೆ. ಅವನ ಉಸಿರಿನ ಗುಳ್ಳೆಗಳ ಸದ್ದು ಬಿಟ್ಟರೆ ಬರೀ ಮೌನ. ಅಲ್ಲಿಗೆ ಯಾವನೂ ಫೋನ್ ಮಾಡುವಂತಿಲ್ಲ! ಸತ್ಯವಾಗಿ ಹೇಳುತ್ತೇನೆ, ನನಗೆ ಅಳು ಬಂತು.

ಡೈವಿಂಗ್ ಕಲಿಯಲೆಂದು ನಾನು ಸೇರಿದ ಈಜುಕೊಳದ ಕೋಚ್ ನಿಜಕ್ಕೂ ಗುಹೆಗಳಿಗೆ ಇಳಿದು ಬಂದವರು. ಮೊದಲ ದಿನವೇ ಹೇಳಿದರು: "ಒಳಗೆ ಹೂಳು ಎದ್ರೆ ನಿಮ್ಮ ಕೈ ನಿಮಗೇ ಕಾಣಲ್ಲ. ಮೇಲಕ್ಕೆ ಬರೋಣ ಅಂದ್ರೆ ಮೇಲೆ ಬಂಡೆ. ಗುಹೆ ಬಾಯಿಂದ ಕಟ್ಕೊಂಡು ಹೋದ ಹಗ್ಗ ಒಂದೇ ಗತಿ. ಹಗ್ಗ ಬಿಟ್ಟೋರು, ಗಾಬರೀಲಿ ಮಾಸ್ಕ್ ಕಿತ್ತೋರು ವಾಪಸ್ ಬರಲ್ಲ."

ಎದೆಮಟ್ಟದ ನೀರಿನಲ್ಲಿ ನಿಂತಿದ್ದ ನಾನು ಮೆಲ್ಲಗೆ ಕೊಳದ ಅಂಚು ಹಿಡಿದುಕೊಂಡೆ.

"ಮೊದ್ಲು ಮನೇಲಿ ಅಭ್ಯಾಸ ಮಾಡಿ. ಕಣ್ಣು ಕಟ್ಕೊಂಡು, ಹಗ್ಗ ಹಿಡ್ಕೊಂಡು. ದಾರಿ ತಪ್ಪಿದ್ರೆ ಜೊತೆಗಾರನ ಕಾಲು ಹುಡುಕಿ ಮುಂದಕ್ಕೆ ತಳ್ಳಿ. 'ಹೊರಡು, ನಾನು ಹಿಂದೇನೇ ಇದ್ದೀನಿ' ಅಂತ ಅರ್ಥ. ಯಾವತ್ತೋ ಒಂದಿನ ಹೇಳ್ದೆ ಮನೆಗೇ ಬಂದು ಪರೀಕ್ಷೆ ಮಾಡ್ತೀನಿ."

ಮನೆಯಲ್ಲಿ ಇದನ್ನೆಲ್ಲ ಹೇಳಿದಾಗ ಹೆಂಡತಿ ನಗಲಿಲ್ಲ. "ವಾಪಸ್ ಬರಲ್ಲ ಅಂದ್ರೂ ಹೋಗ್ತೀರಾ? ನನ್ನ ಬಿಟ್ಟು?" ಎಂದಳು. ನನಗೂ ಒಳಗೊಳಗೇ ಪುಕ್ಕಲು. ಆದರೆ ಘೋಷಿಸಿಯಾಗಿತ್ತಲ್ಲ!

"ಒಂದೇ ಒಂದು ಸಲ ನೋಡು. ಬೆಡ್‌ರೂಮಿಂದ ಬಾತ್‌ರೂಮಿನ ನಲ್ಲೀವರೆಗೆ ಮಾಸ್ಕ್ ತೆಗೀದೆ ಹೋಗಿ ಮುಟ್ತೀನಿ. ಆಗ್ಲಿಲ್ಲಾಂದ್ರೆ ಗುಹೆ ಅನ್ನೋ ಪದ ಬಾಯಲ್ಲಿ ಬರಲ್ಲ!"

"ಆಯ್ತು, ನಲ್ಲಿ ಹತ್ರ ನಿಂತಿರ್ತೀನಿ," ಎಂದಳು.

ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿದೆ. ಮಂಚದ ಕಾಲಿಗೆ ಒಂದು ತುದಿ ಕಟ್ಟಿ, ಊಟದ ಮೇಜಿನ ಕೆಳಗೆ ತೂರಿಸಿ, ಸೋಫಾ ಬಳಸಿ, ನಲ್ಲಿಗೆ ಇನ್ನೊಂದು ತುದಿ ಬಿಗಿದೆ. ಆಮೇಲೆ ಬೆಡ್‌ರೂಮಿನಲ್ಲಿ ಕೂತು, ಕಪ್ಪು ಟೇಪ್ ಅಂಟಿಸಿದ ಮಾಸ್ಕು, ಕಿವಿ ಮುಚ್ಚುವ ಟೋಪಿ, ಬಾಯಿಗೆ ಉಸಿರುಕೊಳವೆ, ಪಾದಕ್ಕೆ ಬಾತುಕೋಳಿ ಕಾಲಿನಂಥ ರಬ್ಬರ್ ಎಲ್ಲ ಏರಿಸತೊಡಗಿದೆ. ಇದಕ್ಕೆ ಮದುವೆಯ ದಿನಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

ಈ ಹೊತ್ತಿನಲ್ಲೇ ನನಗೆ ತಿಳಿಯದ ಘೋರವೊಂದು ನಡೆದುಹೋಯಿತು. ಹೆಂಡತಿ ಒಗೆದ ಬೆಡ್‌ಶೀಟ್ ಹಿಡಿದು ಬಾಲ್ಕನಿಗೆ ಹೋಗಿದ್ದಾಳೆ. ಹಗ್ಗ ಎಲ್ಲಿ? ನಲ್ಲಿಯಲ್ಲಿ! ನಾನು ಸಿದ್ಧನಾಗುವುದರೊಳಗೆ ನೀರು ಸೋರಿಸಿಕೊಳ್ಳೋಣವೆಂದು ಆ ತುದಿ ಬಿಚ್ಚಿ, ಸೋಫಾದಿಂದ ಬಿಡಿಸಿ, ಮುಂಬಾಗಿಲಿನಿಂದ ಹೊರಗೊಯ್ದು, ಕಾರಿಡಾರಿನಾಚೆಗಿನ ಎದುರುಮನೆಯ ಕಬ್ಬಿಣದ ಗ್ರಿಲ್ಲಿಗೆ ಕಟ್ಟಿ ಬೆಡ್‌ಶೀಟ್ ಹರವಿದ್ದಾಳೆ. ಅಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕಿದೆ. ಒಳಗೆ ಓಡಿದ್ದಾಳೆ.

ಎದುರುಮನೆಯಲ್ಲಿ ಹೊಸದಾಗಿ ತೆರೆದದ್ದು ಹಲ್ಲಿನ ಡಾಕ್ಟರ ಕ್ಲಿನಿಕ್. ಬಾಗಿಲಲ್ಲಿ ಬೋರ್ಡು: "ಹೆದರುವವರಿಗೆ ವಿಶೇಷ ಆರೈಕೆ."

ನಾನು ಹೊರಟೆ. ಅಂಬೆಗಾಲು, ಎಡಗೈಯಲ್ಲಿ ಹಗ್ಗ. ಮೇಜು ಸಿಕ್ಕಿತು, ತಲೆಗೇ ಸಿಕ್ಕಿತು. ಆಮೇಲೆ ಸೋಫಾ ಸಿಗಬೇಕಿತ್ತು. ಸಿಗಲಿಲ್ಲ! ನೆಲ ತಣ್ಣಗಾಯಿತು, ಒರಟಾಯಿತು. ನಮ್ಮ ಮನೆ ಇಷ್ಟು ಉದ್ದ ಇತ್ತೇ? ಎಲ್ಲಿಂದಲೋ ಗಾಳಿ ಬೀಸಿತು. ಬಾತ್‌ರೂಮಿನಲ್ಲಿ ಗಾಳಿಯೇ? ಅಷ್ಟರಲ್ಲಿ ತಣ್ಣಗಿನ, ಒದ್ದೆಯಾದ, ಅಗಾಧವಾದ ಏನೋ ಮುಖಕ್ಕೆ ಅಪ್ಪಳಿಸಿ ತಲೆಯನ್ನು ತಬ್ಬಿಕೊಂಡಿತು. ಜೀವ ಬಾಯಿಗೆ ಬಂತು, ಕೊಳವೆ ಇದ್ದದ್ದರಿಂದ ಹೊರಗೆ ಬರಲಿಲ್ಲ. ಮಾಸ್ಕಿಗೆ ಕೈ ಹೋಯಿತು. ಕಿತ್ತೋರು ವಾಪಸ್ ಬರಲ್ಲ! ಕೈ ಇಳಿಸಿ ಮುಂದೆ ತೆವಳಿದೆ.

ಹಗ್ಗದ ತುದಿ ಸಿಕ್ಕಿತು. ತಡವಿದೆ. ಒಂದು ನಲ್ಲಿಯ ಜಾಗದಲ್ಲಿ ಸಾಲಾಗಿ ಹತ್ತು ನಲ್ಲಿ! ತಲೆ ಗಿರ್ರೆಂದಿತು. ಖಂಡಿತ ದಾರಿ ತಪ್ಪಿದೆ. ಹಾಗಾದರೆ ಜೊತೆಗಾತಿಯ ಕಾಲು ಹುಡುಕಬೇಕು. ಕೈ ಚಾಚಿದೆ, ಸಿಕ್ಕಿತು. ಆದರೆ ನಮ್ಮವಳು ಕಾಲುಚೀಲ ಹಾಕುವುದಿಲ್ಲವಲ್ಲ? ಇರಲಿ ಎಂದು ಭದ್ರವಾಗಿ ಹಿಡಿದು ಮುಂದಕ್ಕೆ ತಳ್ಳಿದೆ.

ಆ ಕಾಲು ಕ್ಲಿನಿಕ್ಕಿನ ಗ್ರಿಲ್ಲಿನ ಪಕ್ಕದಲ್ಲಿ ಸರದಿಗೆ ಕಾದು ಕೂತಿದ್ದ ಒಬ್ಬ ಅಜ್ಜಿಯದು. ಅವರು ಹೇಳಿದ್ದನ್ನು ಅಲ್ಲಿನ ನರ್ಸಮ್ಮ ಆಮೇಲೆ ನನಗೆ ಒಪ್ಪಿಸಿದರು: "ಅಯ್ಯೋ ಪಾಪ, ನೋವು ತಡೀಲಾರ್ದೆ ತೆವಳ್ಕೊಂಡು ಬಂದಿದಾನೆ, ಮೊದ್ಲು ಬಿಡಿ ಅಂತ ಕಾಲು ಹಿಡೀತಿದಾನೆ! ನಂದಿರ್ಲಿ, ಇವನ್ನ ಒಳಗೆ ಕರ್ಕೊಳಿ!"

ಎರಡು ಕೈಗಳು ನನ್ನನ್ನು ಎತ್ತಿದವು. ಥಟ್ಟನೆ ಹೊಳೆಯಿತು: ಕೋಚ್ ಬಂದಿದ್ದಾರೆ! ಇದೇ ಪರೀಕ್ಷೆ! ಕೂರಿಸಿದರು, ಕೂತೆ. ಕುರ್ಚಿ ಹಿಂದಕ್ಕೆ ವಾಲುತ್ತಾ ಇಳಿಯಿತು. ಆಹಾ, ಆಳಕ್ಕೆ ಇಳಿಯುವ ಅಭ್ಯಾಸ! ಯಾರೋ ಕೊಳವೆ ತೆಗೆದರು. ಬಟ್ಟೆಯ ಮರೆಯಿಂದ ಬಂದಂಥ ಗಂಡುದನಿ, "ಭಯ ಪಡ್ಬೇಡಿ, ಕಣ್ಣು ಮುಚ್ಕೊಂಡೇ ಇರಿ ಪರ್ವಾಗಿಲ್ಲ. ಬಾಯಿ ತೆಗೀರಿ," ಎಂದಿತು. ತೆಗೆದೆ. ಬಾಯೊಳಗೆ ನೀರು ಚಿಮ್ಮಿತು. ಮುಳುಗುವಾಗ ಹೀಗೇ ಇರಬೇಕೆಂದು ಧೈರ್ಯವಾಗಿ ಸಹಿಸಿದೆ. ಆಮೇಲೆ ಕಿವಿಯ ಪಕ್ಕದಲ್ಲೇ 'ಗುಂಯ್ಯ್' ಎಂದು ಒಂದು ಯಂತ್ರ ಮೊರೆಯಿತು ನೋಡಿ!

ಮಾಸ್ಕ್ ಕಿತ್ತೆಸೆದೆ.

ಎದುರಿಗೆ ಬಿಳಿ ಕೋಟು. ಬಾಗಿಲಲ್ಲಿ ಬೆಡ್‌ಶೀಟ್ ಹಿಡಿದು, ಏದುಸಿರು ಬಿಡುತ್ತಾ ನಿಂತ ಹೆಂಡತಿ. ನನ್ನನ್ನು ಹುಡುಕಿ ಮಂಚದ ಕೆಳಗೆಲ್ಲ ನೋಡಿ ಬಂದಿದ್ದಳಂತೆ.

"ನೀವು ಪೇಷಂಟ್ ಅಲ್ವಾ?" ಡಾಕ್ಟರು ಬೆಬ್ಬಳಿಸಿದರು.

"ಎದುರುಮನೆಯವನು!"

ಅವರು ಕ್ಷಮೆ ಕೇಳಿದರು. ನಾನು ಎರಡು ಸಲ ಕೇಳಿದೆ. ಮರ್ಯಾದೆಯಿಂದ ಇಳಿದು ಹೊರಡಬೇಕು, ಡಾಕ್ಟರು ಕೆಮ್ಮಿದರು.

"ನೋಡಿದ್ಮೇಲೆ ಹೇಳ್ದೆ ಇರೋಕಾಗಲ್ಲ ಸರ್. ಕೆಳದವಡೆ ಹಿಂದಿನ ಹಲ್ಲಲ್ಲಿ ಇರೋದು ತೂತಲ್ಲ, ಗುಹೆ! ಎಷ್ಟು ಆಳಕ್ಕೆ ಹೋಗಿದೆ ಅಂತ ಒಳಗೆ ಇಳಿದೇ ನೋಡ್ಬೇಕು."

"ಇ... ಇನ್ನೊಂದಿನ ಬರ್ತೀನಿ ಡಾಕ್ಟ್ರೇ," ಎಂದು ಎದ್ದೆ.

ಹೆಂಡತಿ ನನ್ನ ಹೆಗಲೊತ್ತಿ ಕೂರಿಸಿದಳು.

"ಇವತ್ತೇ ಆಗ್ಲಿ. ಗುಹೆ ಅಂದ್ರೆ ಪ್ರಾಣ ಬಿಡ್ತಾರೆ ನಮ್ಮನೆಯವ್ರು. ನೀವು ಧುಮುಕಿ ಡಾಕ್ಟ್ರೇ!"