ಗುಡುಗಜ್ಜಿಯ ನಡಿಗೆ

ಎಲ್ಲ ಪಜೀತಿಗೂ ಮೂಲ ಒಂದು ತೋರುಬೆರಳು.

ಎರಡು ವರ್ಷದ ಹಿಂದೆ ಒಂದು ಭಾನುವಾರ ಪೆನ್ಸಿಲ್‌ನ ಅತ್ತೆ ಅವನ ಮೇಜಿನ ಮೇಲೆ ಆ ಬೆರಳನ್ನು ಉದ್ದಕ್ಕೂ ಎಳೆದರು. ತುದಿಗೆ ಹತ್ತಿದ ಧೂಳನ್ನು ಬೆಳಕಿಗೆ ಹಿಡಿದು ನೋಡಿದರು. ಒರೆಸುವ ಬಟ್ಟೆ ಹುಡುಕಿಕೊಂಡು ಹೋದರು. ಅವನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಮೇಜು ಫಳಫಳ ಹೊಳೆಯುತ್ತಿತ್ತು. ಅದರ ಮೇಲಿದ್ದ ನಾಲ್ಕುನೂರು ಹಾಳೆ, ಅಂದರೆ ಅವನ ಒಂದು ತಿಂಗಳ ದುಡಿಮೆ, ಕಸದ ಗಾಡಿ ಹತ್ತಿ ಹೋಗಿಯಾಗಿತ್ತು.

ಪೆನ್ಸಿಲ್‌ಗೆ ಅನಿಮೇಷನ್ ಸ್ಟುಡಿಯೋದಲ್ಲಿ ಕೆಲಸ. ಅಲ್ಲಿ ಇವತ್ತಿಗೂ ಕಾಗದದ ಮೇಲೆ ಕೈಯಲ್ಲೇ ಚಿತ್ರ ಬರೆಯುತ್ತಾರೆ. ಉದ್ದಕ್ಕೆ ಸಣಕಲಾಗಿದ್ದು, ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡೇ ನಿದ್ದೆ ಹೋಗುವ ಆಸಾಮಿಗೆ ಆ ಹೆಸರು ಬಿದ್ದದ್ದರಲ್ಲಿ ಆಶ್ಚರ್ಯವಿಲ್ಲ. ಇರುವೆಗೂ ದಾರಿ ಬಿಟ್ಟು ನಡೆಯುತ್ತಿದ್ದ ಆ ಮನುಷ್ಯ ಅಂದು ಮಾತ್ರ ಬಾಯಿ ಬಿಟ್ಟ. "ಇನ್ಮೇಲೆ ನನ್ನ ಮನೇಲಿ ಯಾರೂ ಏನನ್ನೂ ಮುಟ್ಟಬೇಡಿ."

"ಹೌದಾ?" ಎಂದರು ಅತ್ತೆ.

ಅವರ 'ಹೌದಾ' ಸಾಮಾನ್ಯದ್ದಲ್ಲ. ಎಡ ಹುಬ್ಬು ಹಣೆಯ ಅರ್ಧಕ್ಕೆ ಏರಿ ನಿಂತ ಮೇಲೆ ನಿಧಾನವಾಗಿ ಹೊರಡುವಂಥದ್ದು. ಸಂಜೆ ಚೀಲ ಹಿಡಿದು ಹೊರಟವರು ಎರಡು ವರ್ಷ ಅಳಿಯನ ಹೊಸ್ತಿಲು ತುಳಿಯಲಿಲ್ಲ.

ಸೋಮವಾರ ಪೆನ್ಸಿಲ್ ಹೊಟ್ಟೆಯಲ್ಲಿ ಕೆಂಡ ಇಟ್ಟುಕೊಂಡೇ ಸ್ಟುಡಿಯೋಗೆ ಹೋದ. ಮಕ್ಕಳು ದೊಡ್ಡವರೆಲ್ಲ ಕೂತು ನೋಡುವಂಥ ಸಾಹಸದ ಸಿನಿಮಾ ಆಗಷ್ಟೇ ಶುರುವಾಗಿತ್ತು. ಅದರಲ್ಲಿ ನಟರೇ ಆಡಿದ ಒಬ್ಬ ನಿಜವಾದ ಹುಡುಗಿ, ಅವಳ ನಿಜವಾದ ತಾತ. ಗೋಡೆಗೆ ಅಂಟಿಸಿದ ಚಿತ್ರದ ಕಾಗದದೊಳಗೆ ಇಬ್ಬರೂ ಬಿದ್ದುಹೋಗುತ್ತಾರೆ. ಒಳಗಿರುವ ದೇಶವೆಲ್ಲ ಕೈಯಲ್ಲಿ ಬರೆದದ್ದು. ಅಲ್ಲೊಬ್ಬಳು ರಾಕ್ಷಸಿ, ಗುಡುಗಜ್ಜಿ. "ಅವಳ ನಡಿಗೆ ಯಾರೂ ಎಲ್ಲೂ ನೋಡಿರಬಾರದು," ಎಂದಿದ್ದರು ನಿರ್ದೇಶಕರು. ಪೆನ್ಸಿಲ್ ನೋಡಿದ್ದ. ಕಾಣದ ಎರಡು ಬಕೆಟ್ ನೀರು ಹೊತ್ತ ಹಾಗೆ ಮೊಣಕೈ ಎರಡೂ ಆಚೆಗೆ ಚಾಚಿಕೊಂಡು, ಸಿಕ್ಕ ಸಿಕ್ಕಲ್ಲಿ ಬೆರಳು ಎಳೆದು ಧೂಳು ನೋಡುತ್ತ, ಮೂಗಿನಲ್ಲೇ ಮೂರು ಸಲ ಹುಂ ಹುಂ ಹುಂ ಎಂದು ನಗುವ ಗುಡುಗಜ್ಜಿ ವಾರದಲ್ಲಿ ಹುಟ್ಟಿಬಿಟ್ಟಳು. ಅವನ ಕಸುಬಿನವರು ಮೇಜಿನ ಮೇಲೆ ಕನ್ನಡಿ ಇಟ್ಟುಕೊಂಡು, ತಾವೇ ಮುಖ ಸೊಟ್ಟ ಮಾಡಿ ನೋಡಿಕೊಂಡು ಬರೆಯುತ್ತಾರೆ. ಅವನೂ ಹಾಗೇ ಬರೆದ. ಜಗಳದ ಕತೆಯನ್ನು ಸಂಭಾಷಣೆ ಬರೆಯುವವರಿಗೂ ಹೇಳಿದ. ಅವರು "ನನ್ನ ಮನೇಲಿ ಯಾರೂ ಏನನ್ನೂ ಮುಟ್ಟಬೇಡಿ" ಎಂಬ ಮಾತನ್ನು ಹಾಗೇ ಎತ್ತಿ ರಾಕ್ಷಸಿಯ ಬಾಯಿಗೆ ಹಾಕಿದರು.

ಹದಿನೈದು ದಿನದಲ್ಲಿ ಅವನ ಸಿಟ್ಟು ಇಳಿಯಿತು. ಅಷ್ಟರಲ್ಲಿ ಗುಡುಗಜ್ಜಿಗೆ ನಿರ್ದೇಶಕರ ಒಪ್ಪಿಗೆ ಬಿದ್ದಿತ್ತು.

ಈಗ ಸಿನಿಮಾ ತೆರೆಗೆ ಬಂದ ದಿನ, ಬೆಳಿಗ್ಗೆ. ಹೆಂಡತಿ ಹಾಡು ಗುನುಗುತ್ತ ಹೊರಗಿನ ಕೋಣೆಯ ಹಾಸಿಗೆಗೆ ಹೊಸ ಹೊದಿಕೆ ಹಾಸುತ್ತಿದ್ದಳು. ಎರಡು ವರ್ಷದಿಂದ ಅಮ್ಮನ ಜೊತೆ ಫೋನಿನಲ್ಲಿ ಕದ್ದು ಮಾತಾಡುವವಳ ಹಾಗೆ ಪಿಸುಗುಟ್ಟುತ್ತಿದ್ದವಳು ಹೀಗೆ ಹಾಡಿದ್ದನ್ನು ಅವನು ಕೇಳಿಯೇ ಇರಲಿಲ್ಲ.

"ರೀ, ಎರಡು ಗಂಟೆ ಆಟಕ್ಕೆ ಅಮ್ಮಾನೂ ಬರ್ತಿದ್ದಾರೆ. ಥಿಯೇಟರಿಂದ ಹಾಗೇ ಮನೆಗೆ. ಒಪ್ಕೊಂಡಿದ್ದಾರೆ."

ಪೆನ್ಸಿಲ್‌ನ ಚಹಾ ಬರಬಾರದ ದಾರಿಯಲ್ಲೆಲ್ಲ ಬಂತು.

"ಯಾಕೆ, ಖುಷಿ ಆಗ್ಲಿಲ್ವಾ?"

"ಖುಷೀನೇ ಇದು," ಎಂದ, ಮೂಗು ಒರೆಸಿಕೊಳ್ಳುತ್ತ. ಅತ್ತೆ ಪರದೆಯ ಮೇಲೆ ತಮ್ಮನ್ನು ತಾವು ಗುರುತು ಹಿಡಿದು ಇನ್ನೊಮ್ಮೆ ಚೀಲ ಹಿಡಿದು ಹೊರಟರೆ ಮುಗಿಯಿತು, ತಿರುಗಿ ಬರುವ ಮಾತಿಲ್ಲ. ಹೆಂಡತಿಯ ಈ ಹಾಡೂ ಅವರ ಜೊತೆಗೇ ಹೊರಟುಹೋಗುತ್ತದೆ. ಪಕ್ಕದಲ್ಲಿ ಏಳು ವರ್ಷದ ಮಗಳು ಟ್ರೇಲರ್ ನೋಡಿ ಕಲಿತ ನಡಿಗೆಯಲ್ಲಿ ಮೊಣಕೈ ಚಾಚಿಕೊಂಡು ಕೋಣೆ ಸುತ್ತುತ್ತಿದ್ದಳು. "ಅಪ್ಪ, ಈ ಗುಡುಗಜ್ಜಿ ನೋಡಿದ್ರೆ ನಂಗೆ ಯಾರೋ..." ಎಂದು ಬಾಯಿ ತೆರೆದಳು. ಅವನು ಆ ಬಾಯಿಗೆ ಒಂದು ಬಿಸ್ಕತ್ತು ಇಟ್ಟ. ಉಳಿದ ಡಬ್ಬವನ್ನು ಕೈಚೀಲಕ್ಕೆ ಇಳಿಸಿದ.

ಮೆಟ್ಟಿಲ ಮೇಲೆ ಕೂತು ಸಹೋದ್ಯೋಗಿಗೆ ಫೋನ್ ಹಚ್ಚಿದ. ಸಿನಿಮಾದ ಬೆಟ್ಟ, ಆಕಾಶವನ್ನೆಲ್ಲ ಬರೆದದ್ದು ಅವನೇ, ಹೆಸರೂ ಮೋಡ.

"ಲೋ, ನಮ್ಮತ್ತೆ ಸಿನಿಮಾಕ್ಕೆ ಬರ್ತಿದ್ದಾರೆ ಕಣೋ."

"ಅದೇ ಅತ್ತೇನಾ?"

"ನನಗೇನು ಡಜನ್ ಅತ್ತೆ ಇದ್ದಾರಾ?"

ಮೋಡ ಆ ಕಡೆ ಸಾಕಷ್ಟು ಹೊತ್ತು ನಕ್ಕ. "ಹೆದರ್ಬೇಡ. ಗುಡುಗಜ್ಜಿ ಬರೋದು ಮೂರೇ ಸಲ. ಮೂವತ್ತೆಂಟನೇ ನಿಮಿಷ, ಎಪ್ಪತ್ತೊಂದು, ತೊಂಬತ್ತಾರು. ಆ ಹೊತ್ತಿಗೆ ಸರಿಯಾಗಿ ಅವರನ್ನ ಹೊರಗೆ ಕರ್ಕೊಂಡು ಹೋಗು. ಕೆಮ್ಮು, ತಲೆಸುತ್ತು, ಏನಾದ್ರೂ ತರಿಸ್ಕೋ."

ಪೆನ್ಸಿಲ್ ಮೂರೂ ಅಂಕಿಗಳನ್ನು ಅಂಗೈಯಲ್ಲಿ ಬರೆದುಕೊಂಡು ಕೆಳಮನೆಯ ಮಾಸ್ಟರ ಬಾಗಿಲು ತಟ್ಟಿದ. ನಿವೃತ್ತ ಸ್ಟೇಷನ್ ಮಾಸ್ಟರು. ಓಡಿಸಲು ರೈಲಿಲ್ಲದೆ ಈಗ ಕಟ್ಟಡದವರನ್ನು ಓಡಿಸುತ್ತಿದ್ದರು. ಇಡೀ ಕಟ್ಟಡಕ್ಕೆ ಸಿನಿಮಾದ ಇಪ್ಪತ್ತೆರಡು ಟಿಕೆಟ್ ತಂದು, ಯಾರು ಎಲ್ಲಿ ಕೂರಬೇಕೆಂದು ಚಾರ್ಟು ಬರೆದು ಗೋಡೆಗೆ ಅಂಟಿಸಿದ್ದರು.

"ಸಾರ್, ನಮ್ಮತ್ತೆಗೆ ಬಾಗಿಲ ಪಕ್ಕದ ಸೀಟು ಕೊಡಿ."

"ಎಫ್ ಹನ್ನೊಂದು. ಪರದೆಗೆ ನಟ್ಟನಡುವೆ. ಚಿತ್ರ ಬರೆದವರ ಅತ್ತೇನ ಮೂಲೇಲಿ ಕೂರಿಸಿದ್ರೆ ನನ್ನ ಮರ್ಯಾದೆ ಏನಾಗ್ಬೇಕು?"

"ಹಾಗಲ್ಲ, ಅವರು ಆಗಾಗ ಎದ್ದು ಹೋಗ್ಬೇಕಾಗತ್ತೆ."

"ನಿನ್ನೆನೇ ಅವರಿಗೆ ಫೋನ್ ಮಾಡಿ ಕೇಳಿದೆ. ಮೂರು ಗಂಟೆ ಬೇಕಾದ್ರೂ ಅಲ್ಲಾಡದೆ ಕೂತ್ಕೋತೀನಿ ಅಂದ್ರು," ಎಂದು ಮಾಸ್ಟರು ಚಾರ್ಟಿನ ಅಂಚು ಸರಿಮಾಡಿದರು. "ಗಟ್ಟಿ ಜೀವ. ನಿಮ್ಮ ಪುಣ್ಯ."

ಥಿಯೇಟರಿನ ಬಾಗಿಲಲ್ಲಿ ಇನ್ನೂ ದೊಡ್ಡ ಗ್ರಹಚಾರ ಕಾದಿತ್ತು. ಎರಡಾಳು ಎತ್ತರದ ರಟ್ಟಿನ ಗುಡುಗಜ್ಜಿ, ಮೊಣಕೈ ಚಾಚಿ, ತೋರುಬೆರಳು ಎತ್ತಿ ನಿಂತಿದ್ದಳು. ಅದೇ ಹೊತ್ತಿಗೆ ಟ್ಯಾಕ್ಸಿಯಿಂದ ಅತ್ತೆ ಇಳಿದರು. ಹೆಂಡತಿ ಓಡಿಹೋಗಿ ಅಮ್ಮನನ್ನು ತಬ್ಬಿಕೊಂಡಳು. ಪೆನ್ಸಿಲ್ ಓಡಿಹೋಗಿ ರಟ್ಟಿಗೆ ಅಡ್ಡ ನಿಂತು ಎರಡೂ ಕೈ ಅಗಲಿಸಿದ. ಹಿಂದಕ್ಕೆ ಒಂದು ಹೆಜ್ಜೆ ಇಟ್ಟದ್ದೇ ತಪ್ಪಾಯಿತು. ಗುಡುಗಜ್ಜಿ ಅವನ ಬೆನ್ನ ಮೇಲೆ ಕವುಚಿಕೊಂಡಳು.

"ಅಳಿಯಂದಿರೇ, ಎಲ್ಲಿದ್ದೀರಿ?" ಎಂದು ಅತ್ತೆ ಒಂದೇ ಕೈಯಲ್ಲಿ ರಟ್ಟನ್ನೆತ್ತಿ ನಿಲ್ಲಿಸಿದರು. ಅದರ ಅಂಚಿಗೆ ಬೆರಳು ಎಳೆದು, ಧೂಳನ್ನು ಬೆಳಕಿಗೆ ಹಿಡಿದರು. ಒಂದು ಗಳಿಗೆ ಇಬ್ಬರೂ ಅಕ್ಕಪಕ್ಕ ನಿಂತಿದ್ದರು, ಅದೇ ಮೊಣಕೈ, ಅದೇ ಬೆರಳು. ಕಟ್ಟಡದ ಮಂದಿಯೆಲ್ಲ ಅತ್ತೆಯನ್ನು ನೋಡಿದರು, ರಾಕ್ಷಸಿಯನ್ನು ನೋಡಿದರು, ನಂತರ ಪೆನ್ಸಿಲ್‌ನನ್ನು ನೋಡಿದರು. ಮಾಸ್ಟರ ಬಾಯಿ ತೆರೆದದ್ದು ಹಾಗೇ ಉಳಿಯಿತು. ಮಗಳು ಬಾಯಿ ತೆರೆಯುವ ಮುಂಚೆಯೇ ಅವನು ಬಿಸ್ಕತ್ತು ತೆಗೆದಿದ್ದ. ಮಾಸ್ಟರಿಗೂ ಒಂದು ಕೊಟ್ಟ.

ಸಿನಿಮಾ ಶುರುವಾಯಿತು. ಮೂವತ್ತಾರನೇ ನಿಮಿಷಕ್ಕೆ ಅವನು ಕೆಮ್ಮಲು ಶುರುಮಾಡಿದ. ಹೊರಗೆ ಹೋಗೋಣವೆಂದು ಸನ್ನೆ ಮಾಡುವಷ್ಟರಲ್ಲಿ ಅತ್ತೆ ಚೀಲದಿಂದ ಗಂಟಲಿನ ಗುಳಿಗೆ ತೆಗೆದು ಅವನ ಬಾಯಿಗೆ ತುರುಕಿದರು. ಅದರ ಖಾರಕ್ಕೆ ನಿಜವಾದ ಕೆಮ್ಮೂ ನಿಂತುಹೋಗುವಂತಿತ್ತು.

"ಅತ್ತೆ, ನಿಮ್ಮ ಕನ್ನಡಕ ಮಸುಕಾಗಿದೆ, ಒರೆಸಿ ಕೊಡ್ತೀನಿ," ಎಂದು ಕಿತ್ತುಕೊಂಡ ಹಾಗೇ ತೆಗೆದುಕೊಂಡು ಮುಂದಿನ ಸೀಟಿನ ಕೆಳಗೆ ಬೀಳಿಸಿದ. ಅತ್ತೆ ಚೀಲದಿಂದ ಇನ್ನೊಂದು ತೆಗೆದು ಹಾಕಿಕೊಂಡರು.

"ಯಾವಾಗ್ಲೂ ಒಂದು ಹೆಚ್ಚಿಗೆ ಇಟ್ಕೊಂಡಿರ್ತೀನಿ."

ಗುಡುಗಜ್ಜಿ ಬಂದೇಬಿಟ್ಟಳು. ನಿಜವಾದ ಹುಡುಗಿ ಅವಳ ಮನೆಯ ಬಟ್ಟಲೊಂದನ್ನು ಮುಟ್ಟಿದ್ದೇ ತಡ, "ನನ್ನ ಮನೇಲಿ ಯಾರೂ ಏನನ್ನೂ ಮುಟ್ಟಬೇಡಿ" ಎಂದು ಥಿಯೇಟರ್ ನಡುಗಿಸಿದಳು. ಪರದೆಯ ಮೇಲಿಂದ ಹುಂ ಹುಂ ಹುಂ ಎಂಬ ನಗು ಬಂತು. ಎಫ್ ಹನ್ನೊಂದರಿಂದಲೂ ಹುಂ ಹುಂ ಹುಂ. ಮುಂದಿನ ಸಾಲಿನವರು ಹಿಂತಿರುಗಿ ನೋಡಿದರು. ಪೆನ್ಸಿಲ್ ಕಣ್ಣು ಮುಚ್ಚಿಕೊಂಡ.

ಮುಂದಿನ ಹೊತ್ತು ನೋಡಿಕೊಳ್ಳೋಣವೆಂದರೆ ಅಂಗೈಯ ಬೆವರಿಗೆ ಎಪ್ಪತ್ತೊಂದು ಅರವತ್ತೊಂದರ ಹಾಗೆ ಕಾಣುತ್ತಿತ್ತು. ಅರವತ್ತೊಂದಕ್ಕೇ ತಲೆಸುತ್ತೆಂದು ನರಳಿ ಅತ್ತೆಯನ್ನು ಹೊರಗೆ ಎಬ್ಬಿಸಿಕೊಂಡು ಹೋದ. ಅಲ್ಲಿ ಅವರು ಅವನ ತಲೆಗೆ ತಣ್ಣೀರು ತಟ್ಟಿ, ಬೆನ್ನು ನೀವಿ, ಸರಿಯಾಗಿ ಎಪ್ಪತ್ತೊಂದನೇ ನಿಮಿಷಕ್ಕೆ ಒಳಗೆ ಕರೆತಂದು ಕೂರಿಸಿದರು. ತಪ್ಪಿಹೋದದ್ದು ಮಿಂಚುಹುಳುಗಳ ಕಾಡು. ಮೋಡ ಎಂಟು ತಿಂಗಳು ಕೂತು ಬರೆದಿದ್ದ ಕಾಡು ಅದು.

ಮೂರನೆಯ ಸಲಕ್ಕೆ ಅವನು ಕೈಚೆಲ್ಲಿ ಕೂತ. ಪರದೆಯ ಮೇಲೆ ಎಲ್ಲರೂ ಬಿಟ್ಟುಹೋದ ಮನೆಯ ಬಾಗಿಲಲ್ಲಿ ಗುಡುಗಜ್ಜಿ ಒಬ್ಬಳೇ ಕೂತಿದ್ದಳು. ಹುಡುಗಿ ತಿರುಗಿ ಬಂದು ಎದುರು ನಿಂತಾಗ ರಾಕ್ಷಸಿ ಮೊಣಕೈ ಇಳಿಸಿ ಹೇಳಿದಳು: "ಒಳಗೆ ಬಾ. ಏನು ಬೇಕಾದ್ರೂ ಮುಟ್ಟು." ಕತ್ತಲಲ್ಲಿ ಅತ್ತೆ ಮೂಗು ಸೀಟಿದ್ದು ಕೇಳಿಸಿತು. ಅಳುವೋ ಸಿಟ್ಟೋ ತಿಳಿಯಲಿಲ್ಲ. ಹೆಂಡತಿಯ ಮುಖ ನೋಡುವ ಧೈರ್ಯವಾಗಲಿಲ್ಲ.

ದೀಪ ಹತ್ತಿತು. ಹೊರಗಿನ ಮೊಗಸಾಲೆಯಲ್ಲಿ ಇಪ್ಪತ್ತು ಚಿಲ್ಲರೆ ಮಂದಿ, ಮನೆಗೆ ಹೋಗುವುದನ್ನು ಮರೆತು, ಸುತ್ತ ನಿಂತರು.

"ಅಳಿಯಂದಿರೇ," ಎಂದರು ಅತ್ತೆ. "ಆ ಗುಡುಗಜ್ಜಿ ಯಾರು ಅಂತ ನನಗೆ ಗೊತ್ತು."

ಪೆನ್ಸಿಲ್ ಒಂದು ಹೆಜ್ಜೆ ಹಿಂದೆ ಸರಿದ. "ಅತ್ತೆ, ಅದು... ಆಗ ಸಿಟ್ಟಲ್ಲಿ..."

"ಅದು ನೀವೇ."

ಸುತ್ತ ನಿಂತವರೆಲ್ಲ ಪೆನ್ಸಿಲ್‌ನ ಕಡೆ ತಿರುಗಿದರು.

"ಕನ್ನಡಿ ನೋಡ್ಕೊಂಡು ಬರೀತೀರಂತಲ್ಲ. ಆ ಮಾತು ನೀವು ನನಗಂದದ್ದೇ, ಒಂದಕ್ಷರ ಆಚೀಚೆ ಇಲ್ಲ. ಆಮೇಲೆ ಪಾಪ, ಬಾಗಿಲಲ್ಲಿ ಕೂತು ಕಾದಿದ್ದು. ಬಾಯಿಬಿಟ್ಟು ಹೇಳೋಕಾಗದೆ ಸಿನಿಮಾದಲ್ಲಿ ಹೇಳಿಸಿದ್ರಿ. ಊರೆದುರಿಗೆ ತನ್ನನ್ನೇ ತಾನು ರಾಕ್ಷಸಿ ಮಾಡ್ಕೊಂಡವರ ಮೇಲೆ ನಾನಾದ್ರೂ ಎಷ್ಟು ದಿನ ಮುನಿಸ್ಕೊಂಡಿರ್ಲಿ?" ಅತ್ತೆಯ ಕಣ್ಣು ತುಂಬಿತ್ತು. "ಆದ್ರೂ ಆ ನಡಿಗೆ. ಅಷ್ಟು ವಿಕಾರವಾಗಿ ತೋರಿಸ್ಕೋಬಾರದಿತ್ತು."

ಮಾಸ್ಟರು ಇಷ್ಟು ಹೊತ್ತೂ ಕೈಯಲ್ಲೇ ಹಿಡಿದಿದ್ದ ಬಿಸ್ಕತ್ತು ನುಂಗಿ, "ಹೌದೌದು, ಇವರೇ. ನೋಡಿದ ಕೂಡ್ಲೇ ಅಂದ್ಕೊಂಡೆ," ಎಂದರು. ಉಳಿದವರೂ ತಲೆಯಾಡಿಸಿದರು. ಪೆನ್ಸಿಲ್‌ಗೆ ಹೋದ ಜೀವ ಬಂದಂತಾಯಿತು. ಹೆಂಡತಿ ಅಮ್ಮನ ಕೈ ಹಿಡಿದು ಅಳುತ್ತ ನಗುತ್ತಿದ್ದಳು. ಎರಡು ವರ್ಷದಲ್ಲಿ ಇಷ್ಟು ಸಂತೋಷ ಅವನಿಗೆ ಆಗಿರಲಿಲ್ಲ.

"ಮೂರು ತಿಂಗಳು ಇರ್ತೀನಿ," ಎಂದರು ಅತ್ತೆ. "ಏನು ಬೇಕಾದ್ರೂ ಮುಟ್ಟು ಅಂತ ನೀವೇ ಹೇಳಿದ್ದೀರಿ. ಮೊದಲು ನಿಮ್ಮ ಮೇಜು."

ಮೇಜಿನ ಮೇಲೆ ಮುಂದಿನ ಸಿನಿಮಾದ ಆರುನೂರು ಹಾಳೆ ಇತ್ತು.

ಮನೆಗೆ ಬಂದವನೇ ಹಾಳೆಗಳನ್ನು ಬಾಚಿ ಅಡಿಗೆಮನೆಯ ಅಟ್ಟಕ್ಕೆ ಏರಿಸಿದ. ಒಲೆಯ ಮುಂದೆ ಹೆಂಡತಿ ಚಹಾ ಸೋಸುತ್ತಿದ್ದಳು.

"ನಿಮ್ಮಮ್ಮನಿಗೆ ಗುರುತೇ ಸಿಗ್ಲಿಲ್ಲ ನೋಡು. ನಾನು ಬದುಕ್ಕೊಂಡೆ," ಎಂದ, ಬೆವರೊರೆಸಿಕೊಳ್ಳುತ್ತ.

"ನನಗೆ ಸಿಕ್ತು," ಎಂದಳು ಅವಳು. "ಟ್ರೇಲರ್ ನೋಡಿದ ದಿನಾನೇ. ಹುಟ್ಟಿದಾಗಿಂದ ಆ ನಡಿಗೆ ಹಿಂದೆ ನಡೆದವಳು ನಾನು."

ಅವನು ಇಂಗು ತಿಂದ ಮಂಗನ ಹಾಗೆ ನಿಂತ.

"ಒಂದು ವಾರ ನಿಮ್ಮ ಮುಖ ನೋಡೋಕೆ ಮನಸ್ಸಿರ್ಲಿಲ್ಲ. ಆಮೇಲೆ ಅಮ್ಮನಿಗೆ ಫೋನ್ ಮಾಡಿದೆ. ಇವರು ಮಾಡಿದ ತಪ್ಪಿಗೆ ತಮ್ಮನ್ನೇ ರಾಕ್ಷಸಿ ಮಾಡ್ಕೊಂಡಿದ್ದಾರೆ, ನೀನೇ ಬಂದು ನೋಡು ಅಂದೆ. ಅದಕ್ಕೇ ಬಂದಿದ್ದು."

"ಮಹಾತಾಯಿ ನೀನು."

"ತಾಳಿ, ಮುಗಿದಿಲ್ಲ. ಅಳಿಯಂದಿರು ಹಾಗೆ ನಡೆಯೋದನ್ನ ನಾನು ನೋಡೇ ಇಲ್ವಲ್ಲ ಅಂದ್ರು ಅಮ್ಮ. ಈಗೀಗ ಶುರುವಾಗಿದೆ, ಕೂತು ಕೂತು ಬೆನ್ನು ನೋವು ಅಂತ ಹೇಳಿಬಿಟ್ಟಿದ್ದೀನಿ." ಹೆಂಡತಿ ಚಹಾದ ತಟ್ಟೆಯನ್ನು ಅವನ ಕೈಗಿಟ್ಟು, ಅವನ ಮೊಣಕೈಗಳನ್ನು ತಾನೇ ಹಿಡಿದು ಆಚೆಗೆ ಚಾಚಿದಳು. "ಅಮ್ಮ ಇರೋವರೆಗೂ ಹೀಗೇ. ನಡೀರಿ."

ಪೆನ್ಸಿಲ್ ಹೊರಟ. ಮೊಣಕೈ ಚಾಚಿ, ಕಾಣದ ಎರಡು ಬಕೆಟ್‌ಗಳ ಜೊತೆ ಕಾಣುವ ನಾಲ್ಕು ಲೋಟವನ್ನೂ ಹೊತ್ತು, ಹೊರಗಿನ ಕೋಣೆಗೆ ಬಂದ. ನಡುವೆ ನಿಂತು ಕಪಾಟಿಗೆ ಬೆರಳನ್ನೂ ಎಳೆದ. ಅತ್ತೆ ಕನಿಕರದಿಂದ ನೋಡಿದರು.

"ಅಯ್ಯೋ ಪಾಪ, ಬೆನ್ನಿಗೆ ಎಣ್ಣೆ ಹಚ್ಚಿಸ್ಕೊಳ್ಳಿ. ಮನುಷ್ಯರಾದವರು ಹೀಗೆ ನಡೀತಾರಾ?" ಎಂದು ಲೋಟ ಎತ್ತಿಕೊಂಡು, ಮೊಣಕೈ ಚಾಚಿ, ಅದೇ ಕಪಾಟಿಗೆ ಬೆರಳು ಎಳೆದು, ಧೂಳನ್ನು ಬೆಳಕಿಗೆ ಹಿಡಿದು ನೋಡಿ, ಒರೆಸುವ ಬಟ್ಟೆ ತರಲು ಒಳಗೆ ಹೋದರು.

ಬಾಗಿಲ ಬಳಿ ಆಡುತ್ತಿದ್ದ ಮಗಳು ಎಲ್ಲವನ್ನೂ ನೋಡಿದಳು. ಮೊದಲು ಅಪ್ಪನನ್ನು, ಆಮೇಲೆ ಅಜ್ಜಿ ಹೋದ ದಾರಿಯನ್ನು.

"ಅಪ್ಪ," ಎಂದಳು, ಮನೆಯೆಲ್ಲ ಕೇಳುವ ಹಾಗೆ. "ಅಜ್ಜೀನೂ ನಿನ್ನ ಥರಾನೇ ನಡೀತಾರಲ್ಲ."

ಒಳಗೆ ಹೆಜ್ಜೆಯ ಸಪ್ಪಳ ನಿಂತಿತು. ಒಂದು ಹುಬ್ಬು ಹಣೆಯ ಅರ್ಧಕ್ಕೆ ಏರಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಮನೆ ಸುಮ್ಮನಿತ್ತು.

"ಹೌದಾ?"

ಪೆನ್ಸಿಲ್ ಅವಸರವಸರವಾಗಿ ಕೈಚೀಲಕ್ಕೆ ಕೈ ಹಾಕಿದ. ಬಿಸ್ಕತ್ತಿನ ಡಬ್ಬ ಖಾಲಿಯಾಗಿತ್ತು.