ಮಗಳ ಮೂಳೆಗೆ ಅತ್ತೆಯ ಕಾಲುಸೂಪು

ನಮ್ಮ ಅತ್ತೆ ಬೋರಮ್ಮನವರು ಬೈರಾಪಟ್ಟಣದಲ್ಲಿ ಮೇಕೆ ಕಾಲಿನ ಸೂಪು ಕುದಿಸಿದರೆ ಅದರ ಘಮ ರಾಮನಗರದ ನಮ್ಮ ಮನೆಯವರೆಗೂ ಬರುತ್ತದೆ. ಸೂಪು ಮಾತ್ರ ಬರುವುದಿಲ್ಲ. ಮದುವೆಯಾದ ಹತ್ತು ವರ್ಷದಲ್ಲಿ ಈ ಬಡಪಾಯಿ ಅಳಿಯನಿಗೆ ಅದು ಸಿಕ್ಕಿದ್ದು ಎರಡೇ ಸಲ. (ಒಂದು ಸಲ ಉಪ್ಪು ಹಾಕಿರಲಿಲ್ಲ.)

ಹೀಗಿರುವಾಗ ಏಳು ವರ್ಷದ ಮಗಳು ದಿವ್ಯ, ನಿಲ್ಲಿಸಿದ್ದ ನನ್ನ ಸ್ಕೂಟರ್ ಹತ್ತಿ ಮೈಸೂರಿಗೆ ಹೊರಟಳು. ಸ್ಟ್ಯಾಂಡ್ ಸರಿಯಾಗಿ ಹಾಕದ ಮಹಾಪುರುಷ ನಾನೇ. ಗಾಡಿ ಮಗುಚಿತು, ಅವಳ ಬಲಗೈ ಮುರಿಯಿತು. ಅವಳಿಗಿಂತ ನಾನೇ ಹೆಚ್ಚು ಅತ್ತಿದ್ದು.

ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. "ಹಸಿ ಕಡ್ಡಿ ಬಗ್ಗಿಸಿದ್ರೆ ಒಂದು ಕಡೆ ಸೀಳುತ್ತಲ್ಲ, ಹಂಗಾಗಿದೆ. ಮಕ್ಕಳ ಮೂಳೆ, ಬೇಗ ಕೂಡುತ್ತೆ." ಪ್ಲಾಸ್ಟರ್ ಹಾಕಿ, ನಾಲ್ಕು ವಾರ ಬಿಟ್ಟು ಬರಲು ಹೇಳಿದರು.

ಮಾರನೆಯ ದಿನವೇ ಅತ್ತೆ ಬಂದು ಠಿಕಾಣಿ ಹೂಡಿ, ನನ್ನ ಹೆಂಡತಿಗೆ ಅಪ್ಪಣೆ ಕೊಟ್ಟರು. "ಪಟ್ಟಿ ಅವ್ರು ಸುತ್ತವ್ರೆ, ಸರಿ. ಮೂಳೆ ಕೂಡ್ಸಾದು ನನ್ ಕಾಲ್‌ಸೂಪು ಕಣವ್ವ ಲತಾ. ದಿನಾ ಎಲ್ಡು ಲೋಟ ಮಗೀಗೆ ಕುಡ್ಸು. ಬ್ಯಾರೆಯೋರು ಮುಟ್ಟಂಗಿಲ್ಲ." 'ಬ್ಯಾರೆಯೋರು' ಎನ್ನುವಾಗ ನನ್ನನ್ನೇ ನೋಡಿದರು. ಬೆಳಿಗ್ಗೆ ಎದ್ದು ಮೇಕೆ ಕಾಲು ತರುವ ಕೆಲಸ ಮಾತ್ರ ಬ್ಯಾರೆಯೋರದು!

ದಿವ್ಯಳಿಗೋ ಸೂಪಿನ ವಾಸನೆಯೇ ಆಗದು. "ಅಪ್ಪಾ, ನೀನೇ ಕುಡ್ದ್‌ಬುಡು. ಅಜ್ಜಿಗೆ ಹೇಳಲ್ಲ. ಆದ್ರೆ ನನ್ ಹೋಂವರ್ಕ್ ಬರ್ಕೊಡ್ಬೇಕು."

"ಮೋಸ ಕಣೇ ಅದು."

"ಹಂಗಾದ್ರೆ ಬಚ್ಚಲಿಗೆ ಚೆಲ್‌ಬುಡ್ತೀನಿ."

ಬಚ್ಚಲಿಗೆ! ಅಂಥ ಪಾಪಕಾರ್ಯ ತಪ್ಪಿಸುವುದು ತಂದೆಯ ಧರ್ಮವಲ್ಲವೆ? ಬಿಡದಿ ಫ್ಯಾಕ್ಟರಿಯ ಬಸ್ಸು ಹತ್ತುವ ಮುಂಚೆ ಒಂದು ಲೋಟ, ಇಳಿದು ಬಂದ ಮೇಲೆ ಒಂದು ಲೋಟ, ಆಮೇಲೆ ಮೂರರ ಮಗ್ಗಿ. ಖಾಲಿ ಲೋಟ ಕಂಡು ಅತ್ತೆ ಮೊಮ್ಮಗಳಿಗೆ ದೃಷ್ಟಿ ತೆಗೆಯುತ್ತಿದ್ದರು.

ಒಮ್ಮೊಮ್ಮೆ ಎದೆ ಧಸಕ್ಕೆನ್ನುತ್ತಿತ್ತು. ಅತ್ತೆಯ ಮಾತೇ ನಿಜವಾಗಿ, ಸೂಪಿಲ್ಲದೆ ಮಗಳ ಕೈ ಸೊಟ್ಟಗೆ ಕೂಡಿದರೆ? ಆಗೆಲ್ಲ ಅರ್ಧ ಲೋಟ ಉಳಿಸಿ ಅವಳ ಮುಂದೆ ಹಿಡಿದು ಗೋಗರೆಯುತ್ತಿದ್ದೆ. ಅವಳು ಮೂಗು ಮುಚ್ಚಿಕೊಳ್ಳುತ್ತಿದ್ದಳು. ಆ ಅರ್ಧವೂ ನನ್ನ ಪಾಲಿಗೇ ಬರುತ್ತಿತ್ತು.

ನಾಲ್ಕು ವಾರ ಕಳೆದು ಪ್ಲಾಸ್ಟರ್ ಕತ್ತರಿಸಿದಾಗ ನಾನು ಉಸಿರು ಬಿಗಿಹಿಡಿದಿದ್ದೆ. ಕೈ ನೆಟ್ಟಗಿತ್ತು! ದಿವ್ಯ ಐದೂ ಬೆರಳು ಆಡಿಸಿದಳು. ನನಗೆ ಕುಣಿಯುವಷ್ಟು ಖುಷಿ.

"ನೋಡುದ್ರಾ ನನ್ ಸೂಪ್ನ!" ಎಂದರು ಅತ್ತೆ.

ಡಾಕ್ಟರು ನನ್ನತ್ತ ತಿರುಗಿದರು. "ಮಗು ಆರಾಮಾಗಿದೆ. ನೀವ್ಯಾಕೆ ಕುಂಟ್ತಿದ್ದೀರಿ?"

"ಶೂ ಕಚ್ಚಿದೆ ಸಾರ್," ಎಂದೆ. ಅವರು ಬಿಡಲಿಲ್ಲ. ಬದನೆಕಾಯಿಯಂತೆ ಊದಿದ್ದ ನನ್ನ ಹೆಬ್ಬೆರಳನ್ನು ಮುಟ್ಟಿದರು. ಇಡೀ ಆಸ್ಪತ್ರೆಗೆ ಕೇಳುವಂತೆ ಚೀರಿದೆ. ರಕ್ತ ಪರೀಕ್ಷೆಯೂ ಆಯಿತು.

"ಯೂರಿಕ್ ಆಸಿಡ್ ಏರಿದೆ. ಕಾಲುಸೂಪು ಗೀಪು ಜಾಸ್ತಿ ಕುಡಿದ್ರಾ?"

"ಅವ್ರಿಗೆ ಒಂದ್ ತೊಟ್ಟೂ ಕೊಟ್ಟಿಲ್ಲ ಡಾಕ್ಟ್ರೇ!" ಅತ್ತೆ ಆಣೆ ಇಟ್ಟರು.

"ದಿನಾ ಎರಡೇ ಲೋಟ ಅಂಕಲ್," ಎಂದಳು ದಿವ್ಯ, ನನ್ನನ್ನು ಕಾಪಾಡುವ ಉತ್ಸಾಹದಲ್ಲಿ.

ಹೆಂಡತಿ ಲತಾಮಣಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅತ್ತೆ ಮಾತ್ರ ನಗಲಿಲ್ಲ. "ಅಯ್ಯೋ ಅಳಿಯಂದ್ರೇ, ಬಾಯ್ಬುಟ್ಟು ಕೇಳುದ್ರೆ ನಿಮ್ಗೂ ಒಸಿ ಕೊಡ್ತಿರ್ನಿಲ್ವಾ?"

ಹತ್ತು ವರ್ಷದಿಂದ ನಾನು ಕೇಳಿಯೇ ಇರಲಿಲ್ಲ ಎಂಬುದು ಹೊಳೆದದ್ದು ಆಗಲೇ.

ಅಳಿಯನ ಆರೈಕೆಗೆಂದು ಅತ್ತೆ ಇನ್ನೂ ಒಂದು ತಿಂಗಳು ಉಳಿದಿದ್ದಾರೆ. ನನಗೀಗ ಹೊತ್ತಿಗೊಂದು ಲೋಟ ಸೋರೆಕಾಯಿ ರಸ. ಕುಡಿಸುವ ಜವಾಬ್ದಾರಿ ದಿವ್ಯಳದು. ಒಂದು ಕೈಯಲ್ಲಿ ಲೋಟ, ಇನ್ನೊಂದರಲ್ಲಿ ನನ್ನ ಮೂಗು. ಹಿಡಿತ ನೋಡಿದರೆ ಮೂಳೆ ಬಲು ಗಟ್ಟಿಯಾಗಿಯೇ ಕೂಡಿದೆ.