ಸಿಮೆಯೋನಪ್ಪನ ಏಕಾಂತ ದಿಗ್ವಿಜಯ

ಮನುಷ್ಯರು ದೇವರ ಸನ್ನಿಧಿಗೆ ಹೊರಡುವ ಮುನ್ನ ಓಣಿಗೆಲ್ಲ ತಿಳಿಸಿ ಹೊರಡುತ್ತಿದ್ದ, ಉಪವಾಸಿಗಿಂತ ಉಪವಾಸದ ಸುದ್ದಿಯೇ ಮುಂದಾಗಿ ಓಡುತ್ತಿದ್ದ ಆ ಮಹಾಯುಗವನ್ನು ಸ್ಮರಿಸುತ್ತೇನೆ. ಆ ಯುಗಕ್ಕೆ ಭೂಷಣಪ್ರಾಯನೂ, ಬೆಟಗೇರಿಯ ಒಂದು ಕ್ರೈಸ್ತಸಭೆಯ ಪ್ರಥಮಪಂಕ್ತ್ಯಾಸನಾಧೀಶ್ವರನೂ, ದೀರ್ಘಪ್ರಾರ್ಥನಾಧುರಂಧರನೂ, ಪರದೋಷದರ್ಶನದಲ್ಲಿ ಸಹಸ್ರಾಕ್ಷನೂ ಆಗಿದ್ದ ಸಭಾಹಿರಿಯ ಸಿಮೆಯೋನಪ್ಪನ ಪರಾಕ್ರಮವನ್ನು ಹೇಳಹೊರಟಿದ್ದೇನೆ. ಎಲೈ ನಾಲಗೆಯೇ, ಕಥೆ ಮುಗಿಯುವತನಕ ನಗದೆ ನಿಲ್ಲು.

ಒಂದು ಭಾನುವಾರ ಆರಾಧನೆಯ ಕೊನೆಯಲ್ಲಿ ಸಭಾಪಾಲಕರಾದ ಅಯ್ಯನವರು, ಆಗಾಗ ಒಂದು ಹೊತ್ತು ದೇವರೊಡನೆ ಒಬ್ಬರೇ ಕುಳಿತರೆ ಒಳ್ಳೆಯದೆಂದು ಸಹಜವಾಗಿ ಹೇಳಿದರು. ಆ ಮಾತು ಕಿವಿಗೆ ಬಿದ್ದದ್ದೇ ತಡ, ಗುಹಾಮುಖದಿಂದ ಹೊರಬಂದ ಕೇಸರಿಯಂತೆ ಸಿಮೆಯೋನಪ್ಪನು ಬೆಂಚಿನಿಂದ ಎದ್ದು ನಿಂತನು.

"ಒಂದ ಹೊತ್ತಲ್ಲ, ಮೂರು ದಿನ," ಎಂದನು. "ಅನ್ನ ಇಲ್ಲ, ಮಾತಿಲ್ಲ, ಫೋನಿಲ್ಲ. ನಾನು, ನನ್ನ ದೇವರು. ನಡುವ ಒಂದ ಇರುವಿನೂ ಬರಬಾರ್ದು."

ಸೋಮವಾರ ಬೆಳಿಗ್ಗೆ ಸ್ತ್ರೀಸಂಘದವರು ಹಾಡಿ ಬೀಳ್ಕೊಟ್ಟರು. ಯಾರೋ ಶಾಲು ಹೊದಿಸಿದರು. ಹೆಂಡತಿ ಸುಗಂಧವ್ವ ಬಿಪಿ ಗುಳಿಗೆ ತೆಗೆದುಕೊಂಡಿರೇನೆಂದು ಕೇಳಿದಳು. ಇಂಥ ಅಲ್ಪಪ್ರಶ್ನೆಗೆ ಉತ್ತರಿಸುವುದು ವೀರರಿಗೆ ತಕ್ಕುದಲ್ಲವಾದ್ದರಿಂದ ಆತನು ಉತ್ತರಿಸಲಿಲ್ಲ. ಆದರೆ ಗುಳಿಗೆಯನ್ನು ಜೇಬಿಗೆ ಹಾಕಿಕೊಂಡನು. ಕೆಂಪು ಜಿಪ್ಪಿನ ಚೀಲದಲ್ಲಿ ಸತ್ಯವೇದ, ಕಣ್ಣಿಗೆ ಹಾಕುವ ಎರಡು ಚಾಳೀಸು, ದೇವರ ಮುಂದಿಡಬೇಕಾದ ವಿಷಯಗಳನ್ನು ಬರೆದ ನೋಟ್‌ಬುಕ್ಕು: ಇವು ಆತನ ದಿವ್ಯಾಸ್ತ್ರಗಳು. ಆ ವಿಷಯಗಳಲ್ಲಿ ಮುಕ್ಕಾಲುಪಾಲು ಅನ್ಯರ ತಪ್ಪುಗಳಾಗಿದ್ದವು.

ರಣಭೂಮಿಯೆಂದರೆ ಕಪ್ಪತಗುಡ್ಡದ ಬುಡದಲ್ಲಿದ್ದ ತಗಡಿನ ಮಾಡಿನ ಒಂಟಿ ಪ್ರಾರ್ಥನಾಕೋಣೆ. ಒಂಬತ್ತೂವರೆಗೆ ವೀರನು ಅಲ್ಲಿ ಇಳಿದಾಗ ಬೀಗ ತೆಗೆದವಳು ರೂತವ್ವ. ಇಪ್ಪತ್ತು ವರ್ಷ ಸಭೆಯ ಕಸ ಗುಡಿಸಿದ್ದ ಈ ವಿಧವೆಯನ್ನು, ಮೂರು ವರ್ಷದ ಹಿಂದೆ ಪ್ರಭುಭೋಜನದ ಬೆಳ್ಳಿಯ ಬಟ್ಟಲು ಕಳುವಾಯಿತೆಂದು ಕೆಲಸದಿಂದ ತೆಗೆದಿದ್ದರು. ಈಗ ಇಲ್ಲಿ ನೀರು ತುಂಬಿಡುತ್ತಿದ್ದಾಳೆಂಬುದು ಆತನಿಗೆ ತಿಳಿದಿರಲಿಲ್ಲ. ಅವಳು ಚಾಪೆ ಹಾಸಿ, ಕೊಡವಿಟ್ಟು, ಏನಾದರೂ ಬೇಕಾದರೆ ಹೊರಗೇ ಇರುತ್ತೇನೆಂದು ಹೇಳಿ ಬಾಗಿಲು ಮುಂದೆ ಮಾಡಿಕೊಂಡು ಹೋದಳು.

ಆಗ ಆರಂಭವಾಯಿತು ಮಹಾಸಂಗ್ರಾಮ! ಮೊಣಕಾಲೂರಿದ ಸಿಮೆಯೋನಪ್ಪನು ನೋಟ್‌ಬುಕ್ಕೆಂಬ ಅಕ್ಷಯತೂಣೀರದಿಂದ ಬಾಣದ ಮೇಲೆ ಬಾಣವನ್ನು ಸ್ವರ್ಗದ ಕಡೆಗೆ ಬಿಟ್ಟನು. ಅಯ್ಯನವರ ಪ್ರಸಂಗದಲ್ಲಿ ಆಳವಿಲ್ಲವೆಂದನು. ಗಾಯನವೃಂದದ ಯೋಸೇಫನಿಗೆ ಸೊಕ್ಕು ಬಂದಿದೆಯೆಂದನು. ಸೊಸೆಗೆ ಹಿರಿಯರೆಂಬ ಭಯವಿಲ್ಲವೆಂದನು. ಮೂವತ್ತೈದು ನಿಮಿಷದಲ್ಲಿ ಬತ್ತಳಿಕೆ ಬರಿದಾಯಿತು. ದೇವರು ಒಂದಕ್ಕೂ ಪ್ರತಿಬಾಣ ಬಿಡಲಿಲ್ಲ. ಕೋಣೆಯೊಳಗೆ ಮೌನವು ಕೋಟೆಗೆ ಮುತ್ತಿಗೆ ಹಾಕುವ ಸೈನ್ಯದಂತೆ ನಾಲ್ಕೂ ಕಡೆಯಿಂದ ಸರಿದು ಬಂದಿತು.

ಹೊರಗೆ ರೂತವ್ವ ಹುಣಸೆಹಣ್ಣು ಹಚ್ಚಿ ತಂಬಿಗೆ ತಿಕ್ಕುತ್ತಿದ್ದಳು. ಆ ಸದ್ದು, ಆ ಹುಳಿವಾಸನೆ ಕಿಟಕಿಯಿಂದ ಒಳಗೆ ಬಂದವು. ಅವುಗಳ ಬೆನ್ನಿಗೆ, ಯಾರೂ ಕರೆಯದೆ, ಆ ಬಟ್ಟಲು ಬಂದಿತು.

ಈಸ್ಟರಿಗೆ ಮುನ್ನ ಹುಣಸೆಹಣ್ಣಿನಲ್ಲಿ ಬೆಳಗಿ ತರುತ್ತೇನೆಂದು ಅದನ್ನು ಟವೆಲ್ಲಿನಲ್ಲಿ ಸುತ್ತಿ ಮನೆಗೆ ಒಯ್ದು, ಕಪಾಟಿನ ನೆತ್ತಿಯ ಮೇಲಿಟ್ಟು ಮರೆತವನು ಸಾಕ್ಷಾತ್ ಸಿಮೆಯೋನಪ್ಪನೇ. ಚರ್ಚಿನ ಬೀಗದ ಕೈ ಕಸ ಗುಡಿಸುವವಳ ಹತ್ತಿರವೂ ಇರುತ್ತದಲ್ಲವೇ ಎಂದು ಸಭೆಯಲ್ಲಿ ಮೊದಲು ಕೇಳಿದವನೂ ಅವನೇ. ನಾಲ್ಕು ತಿಂಗಳ ಮೇಲೆ ಟವೆಲ್ಲು ಬಿಚ್ಚಿದಾಗ ಸತ್ಯ ತಿಳಿಯಿತು. ಬಟ್ಟಲನ್ನು ಒರೆಸಿ, ಚರ್ಚಿನ ಕಪಾಟಿನ ಹಿಂಬದಿಗೆ ನೂಕಿ, ತಾನೇ ಅದನ್ನು ಹುಡುಕಿ ತೆಗೆದನು. ಸಿಕ್ಕಿತೆಂದು ಕೃತಜ್ಞತಾಪ್ರಾರ್ಥನೆಯನ್ನೂ ತಾನೇ ಮಾಡಿದನು. ರೂತವ್ವನನ್ನು ಮರಳಿ ಕರೆಯಬೇಕೆಂದು ಯಾರಿಗೂ ಹೊಳೆಯಲಿಲ್ಲ. ಹೊಳೆಯಬೇಕಾದವನು ಬಾಯಿ ಬಿಡಲಿಲ್ಲ.

ವೀರನು ಕೀರ್ತನೆ ಹಾಡಿದನು, ಬಟ್ಟಲು ಹೋಗಲಿಲ್ಲ. ಚಾಳೀಸು ಬದಲಿಸಿ ಸತ್ಯವೇದ ತೆರೆದನು, ಬಟ್ಟಲು ಪುಟದ ಮೇಲೇ ಕುಳಿತಿತು. ಬೆವರು ಸುರಿಯಿತು, ಗುಳಿಗೆ ನುಂಗಿದನು. ದೇವರೊಡನೆ ಒಬ್ಬನೇ ಇರುವುದೆಂದರೆ ದೇವರೂ ಅಲ್ಲಿರುತ್ತಾನೆಂಬುದನ್ನು ಆ ಮಹಾನುಭಾವನು ಎಣಿಸಿಯೇ ಇರಲಿಲ್ಲ. 'ತಪ್ಪು ನಂದು, ರೂತವ್ವ' ಎಂಬ ಮೂರು ಮಾತು ಹೊರಗೆ ಹೋಗಿ ಹೇಳಿದರೆ ಮುಗಿಯುತ್ತಿತ್ತು. ಅದಕ್ಕಾಗಿಯೇ ಎದ್ದನು ಕೂಡ. ಪ್ರಳಯಕಾಲದ ಮೇಘದಂತೆ ಎದೆಯುಬ್ಬಿಸಿ, ಬಾಗಿಲನ್ನು ಧಡಾರನೆ ತೆರೆದು, ಹೊಸ್ತಿಲ ಮೇಲೆ ನಿಂತನು.

ರೂತವ್ವ ತಲೆಯೆತ್ತಿ, "ಏನರ ಬೇಕಾಗಿತ್ತೇನ್ರಿ, ಹಿರಿಯರ?" ಎಂದಳು.

ತುಟಿ ಅಲುಗಿತು. ಮೊದಲ ಅಕ್ಷರ ಹಲ್ಲಿನತನಕ ಬಂದಿತು.

"ಇಲ್ಲೆ... ಟಂಟಂ ಗಾಡಿ ಸಿಗತೈತೇನು?" ಎಂದು ಕೇಳಿದನು.

"ಕೆಳಗ ಡಾಂಬರ್ ರಸ್ತೆಗೆ ಹೋಗ್ಬೇಕ್ರಿ. ಹನ್ನೊಂದಕ್ಕ ಒಂದ ಬರತೈತಿ," ಎಂದು ಹೇಳಿ ಅವಳು ತಂಬಿಗೆಯ ಕಡೆ ತಿರುಗಿದಳು.

ಮೂರು ದಿನಗಳ ಮಹಾಏಕಾಂತವು ಒಂದು ಗಂಟೆ ಹತ್ತು ನಿಮಿಷಕ್ಕೆ ಸಮಾಪ್ತವಾಯಿತು. ಶಾಲನ್ನು ಕಂಕುಳಿಗೆ ಸೇರಿಸಿ, ಚೀಲದ ಜಿಪ್ಪೆಳೆಯುವುದನ್ನೂ ಮರೆತು ದಿಗ್ವಿಜಯಿಯು ಗುಡ್ಡವಿಳಿದನು. ಮಧ್ಯಾಹ್ನದ ಊಟದ ಹೊತ್ತಿಗೆ ಸರಿಯಾಗಿ ಮನೆಯಲ್ಲಿದ್ದನು. ಬೆರಗಾದ ಹೆಂಡತಿಗೆ, ದೇವರು ಲಗೂನ ಉತ್ತರ ಕೊಟ್ಟುಬಿಟ್ಟರೆಂದು ಗಂಭೀರವಾಗಿ ತಿಳಿಸಿದನು.

"ಏನಂದ್ರು?" ಎಂದು ಕೇಳಿದಳು ಸುಗಂಧವ್ವ.

"ಅದನ್ನ ಹೊರಗ ಹೇಳೂವಂಗಿಲ್ಲ," ಎಂದ ಸಿಮೆಯೋನಪ್ಪನು, ಬದನೆಕಾಯಿ ಪಲ್ಯಕ್ಕೆ ಇನ್ನೊಂದು ರೊಟ್ಟಿ ಹಾಕೆಂದನು.